ಹೊತ್ತು ಮುಳುಗಿದ ಮೇಲಿನ ನೀರು

ನರ್ಸ್ ಆಗಲಿಕ್ಕೆ ಹನ್ನೆರಡು ಕೇಸು ಬರೆಯಬೇಕಿತ್ತು. ಹನ್ನೊಂದು ಬರೆದಿದ್ದೆ. ಹನ್ನೆರಡನೆಯದು ಗಡಹಿಂಗ್ಲಜದ ತಾರವ್ವನದು.

ಕೇಸು ಬರೆಯುವುದೆಂದರೆ ಹೀಗೆ. ಒಬ್ಬ ರೋಗಿಯನ್ನು ನಮ್ಮ ಪಾಲಿಗೆ ಕೊಡುತ್ತಿದ್ದರು. ಆಕೆ ಬಂದ ದಿನದಿಂದ ಮನೆಗೆ ನಡೆದು ಹೋಗುವ ತನಕ, ಇಲ್ಲವೆ ಹೊತ್ತುಕೊಂಡು ಹೋಗುವ ತನಕ, ಕಂಡದ್ದನ್ನೂ ಮಾಡಿದ್ದನ್ನೂ ಒಂದು ವಹಿಯಲ್ಲಿ ಬರೆಯಬೇಕು. ಯಾವ ಊರು, ಏನು ಬೇನೆ, ಡಾಕ್ಟರು ಏನು ಮಾಡಿದರು, ನೀನು ಏನು ಮಾಡಿದೆ, ಕೊನೆಗೆ ಏನಾಯಿತು. ಎಲ್ಲಕ್ಕೂ ಕೆಳಗೆ ಒಂದು ಸಾಲು: ಈ ಕೇಸಿನಿಂದ ನಾನು ಕಲಿತದ್ದು. ಬರೆದದ್ದನ್ನು ಸಿಸ್ಟರ್ ಇಂದುಬಾಯಿ ಓದಿ ಕೆಂಪು ಮಸಿಯಲ್ಲಿ ಸಹಿ ಹಾಕಬೇಕು. ಹನ್ನೆರಡು ಸಹಿಯಾದರೆ ಪರೀಕ್ಷೆಗೆ ಕೂಡಿಸುತ್ತಿದ್ದರು. ಹನ್ನೊಂದಾದರೆ ಇಲ್ಲ.

ನನ್ನ ಜೊತೆ ಕಲಿಯುತ್ತಿದ್ದ ಕಾಗಲದ ಚೆನ್ನವ್ವ ಹನ್ನೆರಡೂ ಕೇಸಿನ ಕೆಳಗೆ ಒಂದೇ ಸಾಲು ಬರೆದಿದ್ದಳು. ರೋಗಿಯನ್ನು ಪ್ರೀತಿಯಿಂದ ನೋಡಬೇಕೆಂದು ಕಲಿತೆ.

"ಹನ್ನೆರಡ ಸಲ ಕಲತೀಯಲ್ಲ, ಇನ್ನೂ ತಲ್ಯಾಗ ಇಳದಿಲ್ಲೇನ?" ಎಂದು ಕೇಳಿದ್ದೆ.

"ಏನ ಮಾಡ್ಲೆವಾ, ಪ್ರತಿ ಸಲ ಮರತ ಬಿಡ್ತೇನಿ," ಎಂದಳು. ಆಕೆಯ ಹನ್ನೆರಡೂ ಸಹಿ ಮಾಘ ಮಾಸದೊಳಗೇ ಮುಗಿದಿದ್ದವು.

ನನಗೆ ಬರೆಯುವುದು ಕಷ್ಟ. ಇಚಲಕರಂಜಿಯಲ್ಲಿ ನಾಲ್ಕನೇ ಇಯತ್ತೆ ಮರಾಠಿ ಕಲಿತದ್ದು ಅಷ್ಟೇ. ಮನೆಯಲ್ಲಿ ಆಡುವುದು ಕನ್ನಡ. ಹನ್ನೊಂದಕ್ಕೆ ಮದುವೆ, ಹದಿಮೂರಕ್ಕೆ ಕುಂಕುಮ ಹೋಯಿತು. ಅಣ್ಣ ಕುಂಥುನಾಥ ನನ್ನನ್ನು ತಿರುಗಿ ಕರೆದುಕೊಂಡು ಬಂದು ಮಗ್ಗದ ಕೋಣೆಯ ಮೂಲೆಯಲ್ಲಿ ರಾಟಿಯ ಮುಂದೆ ಕೂಡಿಸಿದ. ಏಳು ವರ್ಷ ಅವನ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿದೆ. ದವಾಖಾನೆಯಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ಊಟವೂ ಇರುವುದೂ ಅಲ್ಲೇ ಎಂದು ಯಾರೋ ಹೇಳಿದಾಗ ಅವನ ಕಾಲು ಹಿಡಿದು ಕೇಳಿದೆ. ಒಪ್ಪಿದ.

"ಮೂರು ವರ್ಷ ನೋಡು ಜಿನ್ನವ್ವಾ. ಪಾಸಾದ್ರ ನಿನ್ನ ಹೊಟ್ಟಿ ನೀ ನೋಡ್ಕೊ. ಆಗಲಿಲ್ಲಂದ್ರ ತಿರಿಗಿ ಬಾ."

"ರಾಟಿ ಎಲ್ಲೂ ಹೋಗೂದಿಲ್ಲ, ಒರಸಿ ಇಟ್ಟಿರ್ತೇನಿ," ಎಂದು ಅವನ ಹೆಂಡತಿ, ನನ್ನ ವೈನಿ, ಒಳಗಿನಿಂದ ಹೇಳಿದಳು.

ಆ ಮಾತನ್ನು ಮೂರು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದೆ. ಮನೆಯಲ್ಲಿ ನಾನು ಜಿನ್ನವ್ವ. ಕೊಲ್ಹಾಪುರದ ದವಾಖಾನೆಯಲ್ಲಿ ಜಿನಮತಿ.

ಇನ್ನೊಂದು ಮಾತು ಮೊದಲೇ ಬರೆಯಬೇಕು. ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸಬೇಕು, ಆಮೇಲೆ ಒಲೆ ಹೊತ್ತುವುದಿಲ್ಲ. ದವಾಖಾನೆಯ ಮೆಸ್ಸಿನಲ್ಲಿ ಊಟ ಎಂಟು ಗಂಟೆಗೆ. ಬಂದ ಮೊದಲ ಏಳು ದಿನ ಸಂಜೆ ಉಪವಾಸವಿದ್ದೆ. ಎಂಟನೆಯ ದಿನ ವಾರ್ಡಿನಲ್ಲಿ ತಲೆ ತಿರುಗಿ ಬಿದ್ದೆ. ಅವತ್ತು ದೀಪದ ಬೆಳಕಿನಲ್ಲಿ ಕೂತು ರೊಟ್ಟಿ, ಬಟಾಟೆ ಪಲ್ಯ ಉಂಡೆ. ಹೊತ್ತು ಮುಳುಗಿದ ಮೇಲಿನ ಊಟ ಒಂದು, ನೆಲದೊಳಗಿನ ಗಡ್ಡೆ ಇನ್ನೊಂದು. ಒಂದೇ ತುತ್ತಿನಲ್ಲಿ ಎರಡು ಪಾಪ. ಆಮೇಲೆ ರೂಢಿಯಾಯಿತು, ಆದರೆ ಮರೆಯಲಿಲ್ಲ.

ತಾರವ್ವ ಬಂದದ್ದು ನಲವತ್ತಮೂರರ ಚೈತ್ರದಲ್ಲಿ. ಪರೀಕ್ಷೆಗೆ ಒಂದು ತಿಂಗಳಿತ್ತು. ಐವತ್ತೈದರ ಹೆಂಗಸು, ಗಟ್ಟಿ ಮೈ, ಮೂಗಿನಲ್ಲಿ ನತ್ತಿಲ್ಲ, ಬಿಳಿ ಸೀರೆ. ಹೊಟ್ಟೆಯೊಳಗೆ ಕರುಳು ತೊಡರಿಕೊಂಡು ಎರಡು ದಿನದಿಂದ ವಾಂತಿ. ಮಗ ಮಹಾವೀರ ಮೆಣಸಿನಕಾಯಿ ವ್ಯಾಪಾರದವನು. ಮೋಟಾರಿನಲ್ಲಿ ಮಲಗಿಸಿಕೊಂಡು ಗಡಹಿಂಗ್ಲಜದಿಂದ ತಂದಿದ್ದ. ಬಂದ ತಾಸಿನೊಳಗೆ ದೊಡ್ಡ ಡಾಕ್ಟರು ಆಪರೇಷನ್ ಮಾಡಿದರು. ಚೆನ್ನಾಗಿ ಆಯಿತು ಎಂದರು.

ಸಿಸ್ಟರ್ ಇಂದುಬಾಯಿ ನನ್ನನ್ನು ಕರೆದರು. ಅವರು ಮರಾಠಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಇಲ್ಲಿ ಅದನ್ನು ನಮ್ಮ ಮಾತಿಗೆ ಇಳಿಸಿ ಬರೆಯುತ್ತೇನೆ.

"ಈ ಬಾಯೀದು ಕಾನಡಿ ಮಾತು, ನಮಗ ತಿಳಿಯೂದಿಲ್ಲ. ನಿನ್ನ ಹನ್ನೆರಡನೇ ಕೇಸು ಇದ. ಛಲೋತ್ನಾಗಿ ಬರಿ, ನಾ ಸಹಿ ಹಾಕ್ತೇನಿ, ಮುಗೀತು."

ಆ ತಿಂಗಳು ನನ್ನ ಪಾಳಿ ಸಂಜೆ ಆರಕ್ಕೆ ಹಿಡಿದು ಮುಂಜಾನೆ ಏಳರವರೆಗೆ.

ಮೊದಲ ಎರಡು ದಿನ ಬಾಯಿಯಿಂದ ಏನೂ ಕೊಡುವಂತಿರಲಿಲ್ಲ. ರಕ್ತನಾಳಕ್ಕೆ ಹಾಕುವ ಸಲೈನು ಯುದ್ಧದ ಕಾಲದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಗುದದಿಂದ ರಬ್ಬರ್ ನಳಿಕೆಯಲ್ಲಿ ಉಪ್ಪುನೀರು ಹನಿಹನಿಯಾಗಿ ಬಿಡುತ್ತಿದ್ದೆವು. ಸಂಜೆ ನಾನು ನಳಿಕೆ ಸರಿ ಮಾಡುವಾಗ ತಾರವ್ವ ಕೇಳಿದಳು.

"ಯಾರ ಪೈಕೀ ನೀ?"

"ಇಚಲಕರಂಜಿಯಾಕಿ, ಕಾಕೂ. ಜೈನರಾಕಿ."

"ಹಂಗಂದ್ರ ನಿನಗ ತಿಳೀತೈತಿ. ಹೊತ್ತು ಮುಳಗಿದ ಮ್ಯಾಲ ನೀರೂ ಮುಟ್ಟೂದಿಲ್ಲ ನಾ. ಇಪ್ಪತ್ತೊಂದ ವರ್ಷ ಆತು, ಮುನಿಗಳ ಮುಂದ ಕೈಮುಗದು ತಗೊಂಡದ್ದು. ಇದು ನಡೀತೈತೇನ?"

"ಇದು ಬಾಯಲೆ ಕುಡದದ್ದಲ್ಲಲ್ಲ, ಕಾಕೂ."

ಸ್ವಲ್ಪ ಹೊತ್ತು ವಿಚಾರ ಮಾಡಿದಳು. "ಹಂಗಾದ್ರ ನಡೀತೈತಿ. ಮುನಿಗಳು ಈ ದಾರಿ ವಿಚಾರ ಮಾಡಿರಾಕಿಲ್ಲ ಬಿಡು," ಎಂದಳು. ಹೊಟ್ಟೆಯ ಹೊಲಿಗೆ ನೋಯುತ್ತದೆಂದು ಕೈ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಆ ನಗೆಯಲ್ಲೇ ಉಪಾಯ ಇತ್ತು. ಆಮೇಲೆ ಎಷ್ಟೋ ವರ್ಷ ಅದನ್ನೇ ನೆನೆಸಿದ್ದೇನೆ.

ಮೂರನೆಯ ದಿನ ಡಾಕ್ಟರು ನಳಿಕೆ ತೆಗೆಸಿದರು. ಇನ್ನು ಬಾಯಿಯಿಂದ ತಾಸಿಗೆ ಎರಡು ಔನ್ಸು ನೀರು, ಹಗಲೂ ರಾತ್ರಿಯೂ. ಎಷ್ಟು ಕುಡಿದಳು, ಎಷ್ಟು ಮೂತ್ರ ಹೋಯಿತು, ಎರಡನ್ನೂ ಚಾರ್ಟಿನಲ್ಲಿ ಬರೆಯಬೇಕು. ಸಂಜೆ ಆರಕ್ಕೆ ನಾನು ಬಂದಾಗ ಹೊತ್ತು ಮುಳುಗಲು ಮುಕ್ಕಾಲು ತಾಸಿತ್ತು. ರಾತ್ರಿಯದನ್ನೂ ಈಗಲೇ ಕುಡಿಸಿಬಿಟ್ಟರೆ ವ್ರತವೂ ಉಳಿಯಿತು ಎಂದುಕೊಂಡೆ. ಮೂತಿಯಿದ್ದ ಪಿಂಗಾಣಿ ಕಪ್ಪಿನಲ್ಲಿ ಒಂದರ ಹಿಂದೊಂದು ನಾಲ್ಕು ಕಪ್ಪು ಕುಡಿಸಿದೆ. ಹೊರಗಿನ ಕಟ್ಟೆಯ ಮೇಲೇ ಉಳಿದಿದ್ದ ಮಹಾವೀರ ಬಟ್ಟೆಯಲ್ಲಿ ಸೋಸಿ, ಕಾಸಿ ಆರಿಸಿ ತಂದ ನೀರು. ಐದನೆಯದಕ್ಕೆ ಅಷ್ಟೂ ವಾಂತಿಯಾಯಿತು. ಒರೆಸಿ ಮುಗಿಸುವುದರೊಳಗೆ ಕಿಟಕಿಯಲ್ಲಿ ಬೆಳಕು ಹೋಗಿತ್ತು.

ಏಳಕ್ಕೆ ಕಪ್ಪು ಹಿಡಿದು ಹೋದೆ. ತಾರವ್ವ ಮುಖ ತಿರುಗಿಸಿದಳು.

"ಕಾಕೂ, ಡಾಕ್ಟರ ಹುಕುಮ ಐತ್ರಿ. ನನ್ನ ಕೇಸು ಇದು. ಬರದ ತೋರಸಬೇಕು ನಾ."

"ಬರಕೊ. ನಾ ಬ್ಯಾಡ ಅಂದೇನೇನ?"

"ಕುಡೀಲಾರದ ಹೆಂಗ ಬರೀಲಿ?"

"ಚೆಲ್ಲಿ ಬರಿ. ಸುಮ್ಮ ಮೋರಿಗೆ ಚೆಲ್ಲಬ್ಯಾಡ, ಸೋಸಿದ ನೀರು. ಕಿಡಕಿ ಹೊರಗ ಕಣಗಿಲ ಗಿಡ ಐತಿ, ಅದಕ್ಕ ಹಾಕು."

ನಾನು ನಿಂತೇ ಇದ್ದೆ. ಆಕೆ ನನ್ನ ಕೈ ಹಿಡಿದಳು. ಕೈ ಬಿಸಿಯಿತ್ತು. "ಯವ್ವಾ, ನೀ ನಮ್ಮಾಕಿ. ಬ್ಯಾರೇದಾಕಿ ಇದ್ರ ಬಾಯಾಗ ಸುರೀತಿದ್ಲು. ನಿನ್ನ ಕಳಿಸಿದ್ದು ದೇವರ."

ಗಿಡಕ್ಕೆ ಹಾಕಿದೆ. ಚಾರ್ಟಿನಲ್ಲಿ ಎರಡು ಔನ್ಸು ಎಂದು ಬರೆದೆ. ಎಂಟಕ್ಕೆ ಮತ್ತೆ ಎರಡು. ನನ್ನ ಹೋದ ವ್ರತವನ್ನು ಆಕೆಯ ಬಾಯಿಯಲ್ಲಿ ಕಾಯುತ್ತಿದ್ದೇನೆ ಎಂಬ ಒಂದು ಸಮಾಧಾನವೂ ಇತ್ತು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಇದೂ ಒಂದು ಸುಳ್ಳು ಕೇಸಾಗುತ್ತದೆ. ಬೆಳಗಾಗುವುದರೊಳಗೆ ಚಾರ್ಟಿನಲ್ಲಿ ಹನ್ನೊಂದು ಎರಡುಗಳು ಒಂದರ ಕೆಳಗೊಂದು ಕೂತಿದ್ದವು. ಅಕ್ಷರ ಬಹಳ ಚೆನ್ನಾಗಿ ಬಂದಿತ್ತು.

ಮುಂಜಾನೆ ದೊಡ್ಡ ಡಾಕ್ಟರು ಅವತ್ತು ಬೇಗ ಬಂದರು. ಚಾರ್ಟು ನೋಡಿದರು, ಬಾಟಲಿಯಲ್ಲಿದ್ದ ಮೂತ್ರ ನೋಡಿದರು. ನೀರು ಇಷ್ಟು ಹೋಗಿದೆ, ಮೂತ್ರ ಎಂಟು ಔನ್ಸು. ಅದೂ ಬೆಲ್ಲದ ಪಾಕದ ಬಣ್ಣ. ಹುಬ್ಬು ಗಂಟಿಕ್ಕಿದರು. ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು.

"ಇದೆಲ್ಲಾ ಕುಡದಾಳೇನು? ಖರೇ?"

ಸಿಸ್ಟರ್ ಅವರ ಹಿಂದೆ ನಿಂತಿದ್ದರು. ನನ್ನ ಕೈಯಲ್ಲಿ ಕೇಸ್ ವಹಿ ಇತ್ತು. ಇಲ್ಲ ಎಂದರೆ ಈ ಕೇಸು ಹೋಯಿತು. ಚಾರ್ಟು ಸುಳ್ಳು ಬರೆದ ಹುಡುಗಿಯನ್ನು ಪರೀಕ್ಷೆಗೆ ಕೂಡಿಸುವವರು ಯಾರು. ವೈನಿ ಒರೆಸಿಟ್ಟ ರಾಟಿ ಕಣ್ಣ ಮುಂದೆ ಬಂತು.

"ಹೋಯ್," ಎಂದೆ. ಮರಾಠಿಯಲ್ಲಿ ಹೌದು ಎಂದು ಹೇಳುವ ಮಾತು ಅದು. ಒಂದೇ ಅಕ್ಷರಕ್ಕೆ ಮುಗಿದು ಹೋಗುತ್ತದೆ.

ಡಾಕ್ಟರು ಸಿಸ್ಟರಿಗೆ ಹೇಳಿದರು: ಒಳಗೆ ಹೋದ ನೀರು ಹೊರಗೆ ಬರುತ್ತಿಲ್ಲ, ಮೂತ್ರಪಿಂಡ ಕೈಬಿಡುತ್ತಿದೆ, ಇನ್ನು ನೀರು ಅರ್ಧ ಮಾಡಿರಿ. ತಾಸಿಗೆ ಒಂದೇ ಔನ್ಸು.

ಓದು ಬಾರದವಳಿಗೂ ತಿಳಿಯುವ ಮಾತು. ಹಗಲು ಕುಡಿಯುತ್ತಿದ್ದ ಅಷ್ಟೋ ಇಷ್ಟೋ ನೀರೂ ನನ್ನ ಅಕ್ಷರದಿಂದ ಅರ್ಧವಾಯಿತು.

ಅವತ್ತು ಹೊತ್ತು ಮುಳುಗಿದ ಮೇಲೆ ಹೋಗಿ ತಾರವ್ವನ ಹತ್ತಿರ ನೆಲದ ಮೇಲೆ ಕೂತೆ. ತುಟಿ ಒಡೆದಿದ್ದವು. ನಾಲಿಗೆ ಒಣಗಿದ ಚರ್ಮದಂತೆ ಅಂಟುತ್ತಿತ್ತು.

"ಕಾಕೂ, ಇವತ್ತೊಂದ ದಿನ ಕುಡೀರಿ. ನಿಮ್ಮ ಕಾಲ ಹಿಡೀತೇನಿ. ಆರಾಮಾದ ಮ್ಯಾಲ ಮುನಿಗಳ ಹಂತ್ಯಾಕ ಹೋಗಿ ಪ್ರಾಯಶ್ಚಿತ್ತ ತಗೋಬಹುದು."

"ನೀ ತಗೊಂಡೀಯೇನ?"

"ಏನು?"

"ನೀ ಇಲ್ಲಿ ಎಂಟು ಗಂಟೇಕ ಉಣ್ತೀ ಅಂತ ಕಾಗಲದಾಕಿ ಹೇಳಿದ್ಲು. ನೀ ಬಿಟ್ಟೀ ಅಂತ ನನಗೂ ಬಿಡಸ್ತೀಯೇನವಾ? ಜೋಡಿ ಬೇಕಾತೇನ ನಿನಗ ಪಾಪಕ್ಕ?"

ಸಿಟ್ಟಿನಿಂದ ಹೇಳಿದ್ದಲ್ಲ. ದೊಡ್ಡವರು ಚಿಕ್ಕವರನ್ನು ಚುಡಾಯಿಸುವ ಹಾಗೆ ಹೇಳಿದಳು. ಆದರೆ ಅದು ನನಗೆ ನಾಟಿತು. ನಾನು ಮತ್ತೆ ಕೇಳಲಿಲ್ಲ. ಕಪ್ಪು ತೆಗೆದುಕೊಂಡು ಕಿಟಕಿಗೆ ಹೋದೆ. ಚಾರ್ಟಿನಲ್ಲಿ ಈಗ ಎರಡರ ಬದಲು ಒಂದು ಬರೆಯಬೇಕಿತ್ತು. ಸುಳ್ಳೂ ಅರ್ಧವಾಗಿತ್ತು.

ಐದನೆಯ ಮುಂಜಾನೆ ಬಾಟಲಿಯಲ್ಲಿ ಎರಡು ಔನ್ಸು. ಡಾಕ್ಟರು ತಲೆ ಅಲ್ಲಾಡಿಸಿ, ತುಟಿ ಒದ್ದೆ ಮಾಡಿದರೆ ಸಾಕು ಎಂದರು. ಆಗಲೂ ಹೇಳಬಹುದಿತ್ತು. ನಿನ್ನೆ ಹೌದು ಎಂದವಳು ಇವತ್ತು ಇಲ್ಲ ಎನ್ನಲು ಎರಡು ಪಟ್ಟು ಧೈರ್ಯ ಬೇಕು. ನನ್ನಲ್ಲಿ ಒಂದು ಪಟ್ಟೂ ಇರಲಿಲ್ಲ.

ಆರನೆಯ ದಿನ ಮೂಡಣ ಕೆಂಪಾಗುವಾಗ ತಾರವ್ವ ಕಣ್ಣು ತೆರೆದಳು. ಮಾತು ಗೊಗ್ಗರಾಗಿತ್ತು.

"ಹೊತ್ತು ಹುಟ್ಟಿತೇನ?"

"ಹುಟ್ಟೇತಿ ಕಾಕೂ."

"ನೀರ ಕೊಡು."

ಹುಕುಮಿನ ವಿಚಾರ ಮಾಡಲಿಲ್ಲ. ಕಪ್ಪು ತುಂಬ ಕೊಟ್ಟೆ. ಒಂದು ಗುಟುಕು ಒಳಗೆ ಹೋಯಿತು. ಉಳಿದದ್ದು ಬಾಯಿಯ ಅಂಚಿನಿಂದ ಹರಿದು ತಲೆದಿಂಬಿಗೆ ಇಳಿಯಿತು. ಇನ್ನೊಂದು ಕಪ್ಪು ತರುವುದರೊಳಗೆ ಮುಗಿದಿತ್ತು. ನನ್ನ ಪಾಳಿಯಲ್ಲಿ ಆಕೆ ಕುಡಿದು ಉಳಿಸಿಕೊಂಡ ನೀರು ಅದೊಂದೇ ಗುಟುಕು. ಅದನ್ನು ಮಾತ್ರ ಚಾರ್ಟಿನಲ್ಲಿ ಬರೆಯಲಿಲ್ಲ.

ಮಹಾವೀರ ಹೆಣ ತೆಗೆದುಕೊಂಡು ಹೋಗುವ ಮುಂಚೆ ನನ್ನ ಮುಂದೆ ಬಂದು ಕೈಮುಗಿದು ನಿಂತ.

ಮೂರು ದಿನ ಕೂತು ಕೇಸು ಬರೆದೆ. ಇದ್ದದ್ದು ಇದ್ದ ಹಾಗೆ. ಗಿಡಕ್ಕೆ ಹಾಕಿದ್ದು, ಚಾರ್ಟಿನಲ್ಲಿ ಬರೆದದ್ದು, ಡಾಕ್ಟರು ಕೇಳಿದಾಗ ಹೇಳಿದ್ದು. ಕೊನೆಯ ಸಾಲು ಖಾಲಿ ಬಿಟ್ಟೆ. ಸಿಸ್ಟರ್ ಇಂದುಬಾಯಿ ಅದನ್ನು ಓದುವಾಗ ನಾನು ಮೇಜಿನ ಮುಂದೆ ನಿಂತಿದ್ದೆ. ಬಯ್ಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ತಯಾರಾಗಿ ಟ್ರಂಕು ಕಟ್ಟಿಟ್ಟೇ ಬಂದಿದ್ದೆ. ಅವರು ಎರಡು ಸಲ ಓದಿದರು. ಚಷ್ಮಾ ತೆಗೆದರು.

"ಹುಚ್ಚೀ, ಒಂದ ಮಾತ ಹೇಳಿದ್ರ ನಳಿಕಿ ತಿರಿಗಿ ಹಾಕ್ತಿದ್ವಿ. ಆಕಿ ವ್ರತಾನೂ ಉಳೀತಿತ್ತು, ಆಕೀನೂ ಉಳೀತಿದ್ಲು."

ನಾನು ನೆಲ ನೋಡುತ್ತಿದ್ದೆ. ಅದು ನನಗೆ ಆ ಹೊತ್ತಿನ ತನಕ ಹೊಳೆದಿರಲಿಲ್ಲ. ಖರೇ ಹೇಳುತ್ತೇನೆ, ಹೊಳೆದಿರಲಿಲ್ಲ.

"ಇದನ್ನ ಯಾರರ ಓದ್ಯಾರೇನು?"

"ಇಲ್ಲರಿ ಸಿಸ್ಟರ್."

ಅವರು ಆ ನಾಲ್ಕು ಹಾಳೆಗಳನ್ನು ವಹಿಯಿಂದ ನಿಧಾನವಾಗಿ, ಹೊಲಿಗೆ ಹರಿಯದ ಹಾಗೆ ಬಿಡಿಸಿದರು.

"ನೋಡು, ಪರೀಕ್ಷಕರು ಇದನ್ನ ಓದಿದ್ರಂದ್ರ ಮೊದಲ ಡಾಕ್ಟರನ್ನ ಕೇಳ್ತಾರ, ನೀರ್ಯಾಕ ಕಡಿಮಿ ಮಾಡಿದ್ರಿ ಅಂತ. ಆಮ್ಯಾಲ ನನ್ನ ಕೇಳ್ತಾರ, ರಾತ್ರಿ ಯಾಕ ನೋಡ್ಲಿಲ್ಲ ಅಂತ. ಡಾಕ್ಟರ ಡಾಕ್ಟರ ಆಗೇ ಇರ್ತಾರ, ನಾ ಸಿಸ್ಟರ ಆಗೇ ಇರ್ತೇನಿ. ಹೋಗಾಕಿ ನೀ ಒಬ್ಬಾಕಿ. ಇಚಲಕರಂಜೀಗೆ ಹೋಗ್ತೀಯೇನು?"

ಆಗ ಹೋಗುತ್ತೇನೆ ಎನ್ನಬೇಕಿತ್ತು. ಟ್ರಂಕು ಕಟ್ಟಿಟ್ಟವಳೇ ನಾನು. ಆದರೆ ಬಾಯಿಂದ ಬಂದ ಮಾತು ಬೇರೆ.

"ಇಲ್ಲರಿ."

"ಹಂಗಾದ್ರ ಕುಂದ್ರು. ಬರಿ."

ಅವರು ಹೇಳಿದರು, ನಾನು ಬರೆದೆ. ಕರುಳಿನ ಆಪರೇಷನ್ನಿನ ಮೇಲೆ ಮೂತ್ರಪಿಂಡ ಕೆಟ್ಟದ್ದು. ಚಾರ್ಟಿನಿಂದ ಅದು ವೇಳೆಗೆ ಸರಿಯಾಗಿ ತಿಳಿದದ್ದು. ನೀರು ಕಡಿಮೆ ಮಾಡಿದ್ದು. ಆದರೂ ರೋಗಿ ಉಳಿಯಲಿಲ್ಲ. ಕೊನೆಯ ಸಾಲಿಗೆ ಬಂದಾಗ ಅವರು ಚಷ್ಮಾ ತಿರುಗಿ ಹಾಕಿಕೊಂಡರು. ಆಮೇಲೆ ಹೇಳಿದರು: ಚಾರ್ಟನ್ನು ಸರಿಯಾಗಿ ಬರೆಯುವುದು ಎಷ್ಟು ಮುಖ್ಯವೆಂದು ಕಲಿತೆ.

ಬರೆದೆ. ಕೆಂಪು ಮಸಿಯ ಸಹಿ ಬಿತ್ತು. ಆ ಹಳೆಯ ನಾಲ್ಕು ಹಾಳೆ ಅವರು ಏನು ಮಾಡಿದರೋ ಗೊತ್ತಿಲ್ಲ.

ಪಾಸಾದೆ. ಅಣ್ಣನಿಗೆ ಕಾರ್ಡು ಬರೆದೆ. ಮುಂದಿನ ವರ್ಷದಿಂದ ಹೊಸ ಹುಡುಗಿಯರಿಗೆ ಕೇಸು ಹೇಗೆ ಬರೆಯಬೇಕೆಂದು ತೋರಿಸಲು ಸಿಸ್ಟರ್ ನನ್ನ ಹನ್ನೆರಡನೆಯದನ್ನೇ ಓದಿಸತೊಡಗಿದರು. ಅವರೇಕೆ ಅದನ್ನು ಆರಿಸಿದರೋ. ಎಲ್ಲಕ್ಕಿಂತ ಚೊಕ್ಕಾಗಿದ್ದದ್ದು ಅದೇ ಇರಬೇಕು. ಅವರೇ ಬರೆಸಿದ್ದಲ್ಲವೆ. ನಾನು ಪಕ್ಕದ ವಾರ್ಡಿನಲ್ಲಿ ಹಾಸಿಗೆ ಸರಿ ಮಾಡುವಾಗ ಹುಡುಗಿಯರು ಒಕ್ಕೊರಲಿನಿಂದ ಓದುವುದು ಕೇಳಿಸುತ್ತಿತ್ತು. ಚೆನ್ನವ್ವ ಒಂದು ದಿನ ಅಂದಳು, "ನಿನ್ನ ಕೇಸಂದ್ರ ಪುರಾಣ ಆಗೇತಿ ನೋಡವಾ. ನನ್ನದನ್ನ ಯಾರೂ ಕೇಳವಲ್ರು. ನಾ ಪ್ರೀತಿ ಅಂದೆ, ನೀ ಚಾರ್ಟ ಅಂದಿ." ನಾನು ನಗಬೇಕಾಯಿತು.

ನಲವತ್ತೆಂಟರಲ್ಲಿ ನನ್ನನ್ನು ಗಡಹಿಂಗ್ಲಜದ ಸಣ್ಣ ದವಾಖಾನೆಗೆ ಹಾಕಿದರು. ಬಂದ ವಾರದೊಳಗೆ ಮಹಾವೀರನಿಗೆ ಸುದ್ದಿ ಹೋಯಿತು. ಮನೆಗೆ ಊಟಕ್ಕೆ ಕರೆದ, ಹೊತ್ತು ಇರುವಾಗಲೇ. ಹೋದೆ. ಪಡಸಾಲೆಯಲ್ಲಿ ಹತ್ತಿಪ್ಪತ್ತು ಮಂದಿ ಹೆಂಗಸರು ಕೂತಿದ್ದರು. ಗೋಡೆಯ ಮೇಲೆ ತಾರವ್ವನ ಫೋಟೋ, ಗಂಧದ ಮಾಲೆ. ಮಹಾವೀರ ಎದ್ದು ನಿಂತು ಎಲ್ಲರ ಮುಂದೆ ಹೇಳಿದ.

"ನಮ್ಮವ್ವನ ವ್ರತ ಕಡೀ ಉಸಿರಿನ ತನಕ ಕಾದವರು ಈ ಅಕ್ಕಾರು. ಡಾಕ್ಟರ ಹುಕುಮ ಇದ್ರೂ ಒಂದ ಹನಿ ಬಾಯಾಗ ಹಾಕಲಿಲ್ಲ."

ಒಬ್ಬ ಮುದುಕಿ ಎದ್ದು ಬಂದು ನನ್ನ ಕಾಲು ಮುಟ್ಟಿದಳು. ಎಂಬತ್ತರ ಮುದುಕಿ. ನಾನು ಹಿಂದೆ ಸರಿಯುವುದರೊಳಗೆ ಮುಟ್ಟಿಯೇ ಬಿಟ್ಟಿದ್ದಳು.

ಊಟವಾಗಿ ಹೆಂಗಸರು ಹೋದ ಮೇಲೆ ಮಹಾವೀರನನ್ನು ಹಿತ್ತಲಿಗೆ ಕರೆದೆ. ಐದು ವರ್ಷ ಹೊತ್ತದ್ದನ್ನು ಅಲ್ಲಿ ಇಳಿಸಿಬಿಡಬೇಕೆಂದಿದ್ದೆ. ಯಾರಾದರೊಬ್ಬರು ನನ್ನನ್ನು ಬಯ್ಯಬೇಕಿತ್ತು. ಅದಕ್ಕೆ ಹಕ್ಕಿದ್ದವನು ಅವನೊಬ್ಬನೇ.

"ನಿಮ್ಮವ್ವ ಬ್ಯಾನಿಲೆ ಸಾಯಲಿಲ್ಲ ಮಹಾವೀರ. ನೀರಿಲ್ಲದ ಸತ್ಲು. ಕುಡದಾಳ ಅಂತ ನಾ ಸುಳ್ಳ ಬರದೆ. ಅದನ್ನ ನಂಬಿ ಡಾಕ್ಟರು ಇದ್ದ ನೀರೂ ಕಡಿಮಿ ಮಾಡಿದ್ರು."

ಅವನು ಅಲ್ಲಿ ಒಣ ಹಾಕಿದ ಮೆಣಸಿನಕಾಯಿಯನ್ನು ಕಾಲಿನಿಂದ ಒಂದು ಕಡೆಗೆ ಸರಿಸುತ್ತ ನಿಂತಿದ್ದ.

"ನನಗ ಗೊತ್ತಿತ್ತರಿ ಅಕ್ಕಾರ," ಎಂದ. "ನೀವು ನೀರ ಗಿಡಕ್ಕ ಹಾಕೂದ ಎರಡೂ ರಾತ್ರಿ ಹೊರಗ ಕಟ್ಟೀ ಮ್ಯಾಲ ಕುಂತು ನೋಡೇನಿ. ಡಾಕ್ಟರಿಗೆ ಹೇಳಬೇಕಂತ ಬಾಗಲ ತನಕಾ ಹೋಗಿದ್ದೆ. ಅವ್ವ ಜನ್ಮಕ್ಕ ಮಾರಿ ನೋಡೂದಿಲ್ಲ ಅಂತ ಅಂಜಿ ತಿರಿಗಿ ಬಂದೆ. ನೀವು ಕಲತವರು, ನೀವು ಹೇಳಿರ್ತೀರಿ ಅಂತ ತಿಳದಿದ್ದೆ."

ಕಾಲಿಗೆ ಅಂಟಿದ ಮೆಣಸಿನ ಬೀಜ ಕೊಡವಿಕೊಂಡ.

"ಈ ಮಾತು ಇಲ್ಲೇ ಇರಲ್ರಿ," ಎಂದ ಕಡೆಗೆ. "ಊರಾಗ ಅವ್ವನ ಹೆಸರು ದೊಡ್ಡದಾಗೇತಿ. ಮನ್ಯಾಗಿನ ಹೆಂಗಸರೆಲ್ಲಾ ಆಕಿ ಹೆಸರಲೆ ಅದ ವ್ರತ ತಗೊಂಡಾರ. ಈಗ ಏನ ಹೇಳಿ ಏನೈತಿ."

ನಾನು ಹೂಂ ಎಂದೆ. ಅದೂ ಒಂದೇ ಅಕ್ಷರ.

ಹೊರಡುವಾಗ ಅವನ ಹೆಂಡತಿ ತಟ್ಟೆಯಲ್ಲಿ ಬಿಳಿ ಸೀರೆ ಇಟ್ಟು ಕೊಟ್ಟಳು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ತೆಗೆದುಕೊಂಡೆ. ಕೋಣೆಗೆ ಬಂದು ಮಡಿಕೆ ಬಿಚ್ಚಿ ನೋಡಿದೆ. ಕೈಗೆ ಹತ್ತಿದ ಕೂಡಲೆ ತಿಳಿಯಿತು, ಇಚಲಕರಂಜಿಯ ಮಗ್ಗದ್ದು. ನೂಲು ಗಟ್ಟಿ, ಕಂಡಿಕೆ ಸುತ್ತಿದಾಕೆ ಕೆಲಸ ಬಲ್ಲವಳು, ಎಲ್ಲೂ ಎಳೆ ಹರಿದಿರಲಿಲ್ಲ. ನಾಲ್ಕು ವರ್ಷ ಉಟ್ಟೆ.